ಸಭೆಯ (ಚರ್ಚಿನ) ಲೆಕ್ಕ ಹೆಂಗಸರ ಕೆಲಸವಲ್ಲ ಅನ್ನುತ್ತಾರೆ. ಖಜಾಂಚಿ ಆಗಲು ಒಪ್ಪಲೇ?

ಸಭಾಪಾಲಕರು (ಪಾದ್ರಿಗಳು) ಖಜಾಂಚಿ ಆಗಿ ಅಂದಿದ್ದಾರೆ, ಅತ್ತೆ 'ಹೆಣ್ಣಿಗೆ ದೇವರು ಇಟ್ಟ ಜಾಗ ಬೇರೆ' ಅನ್ನುತ್ತಿದ್ದಾರೆ, ಅಲ್ವಾ? ನನಗೂ ಒಮ್ಮೆ ಖಜಾಂಚಿ ಆಗಿ ಅಂದಿದ್ದರು. ಆದರೆ ನನ್ನನ್ನು ಯಾರೂ ತಡೆದಿರಲಿಲ್ಲ. ನಾನೇ ಬೇಡ ಅಂದೆ.

ಉಡುಪಿ ಹತ್ತಿರದ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ನಮ್ಮದು. ಆಗ ನಾನು ಬ್ಯಾಂಕಿಗೆ ಸೇರಿ 9 ವರ್ಷ. ಬೆಳಗಿನಿಂದ ಸಂಜೆವರೆಗೆ ಲೆಕ್ಕವೇ ಕೆಲಸ. ಆದರೂ "ಅದು ಗಂಡಸರ ಜವಾಬ್ದಾರಿ, ನನಗೆ ದೇವರು ಅಡುಗೆಮನೆ ಕೊಟ್ಟಿದ್ದಾನೆ" ಅಂದೆ. ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕು ಎಂದು ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಮಾತನ್ನೂ ಸೇರಿಸಿದೆ. ಎಲ್ಲರೂ ಮೆಚ್ಚಿದರು. ನನ್ನೊಳಗೆ ಇದ್ದದ್ದು ಬರೀ ಹೆದರಿಕೆ.

ಹೊಣೆ ಒಬ್ಬ ವಯಸ್ಸಾದ ಸಭಾಹಿರಿಯರ ಮೇಲೆ ಬಿತ್ತು. ಬಹಳ ಪ್ರಾಮಾಣಿಕರು, ಆದರೆ ಲೆಕ್ಕ ಬರೆದು ಅಭ್ಯಾಸವಿಲ್ಲ. ಆ ವರ್ಷ ಬೆಳೆಹಬ್ಬದಲ್ಲಿ ಕಾಣಿಕೆಯಾಗಿ ಬಂದದ್ದರ ಏಲಂ ಜೋರಾಗಿತ್ತು. ಮಟ್ಟುಗುಳ್ಳ ಬದನೆ, ಬಾಳೆಗೊನೆ, ಊರಿನ ಕೋಳಿ. ಏಲಂನಲ್ಲಿ ಎಲ್ಲರೂ ಕೂಡಲೇ ದುಡ್ಡು ಕೊಡುವುದಿಲ್ಲ. "ಬರುವ ಆದಿತ್ಯವಾರ ಕೊಡ್ತೇನೆ" ಅನ್ನುತ್ತಾರೆ. ಜನ ಕೂಗಿದ ಮೊತ್ತವನ್ನೂ ಕೈಗೆ ಬಂದ ದುಡ್ಡನ್ನೂ ಆ ಹಿರಿಯರು ಒಂದೇ ಕಾಲಂನಲ್ಲಿ ಬರೆಯುತ್ತಿದ್ದರು. ನಾನು ಚಹಾ ಕೊಡಲು ಹೋದಾಗ ಅದನ್ನು ಕಂಡೆ. 'ಎರಡು ಕಾಲಂ ಮಾಡಿ' ಅನ್ನಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ಖಜಾಂಚಿ ಆಗದೆ ಹೋದದ್ದಕ್ಕೆ ನನಗೆ ಇವತ್ತಿಗೂ ಅಷ್ಟು ಬೇಸರವಿಲ್ಲ. ಕಣ್ಣೆದುರು ತಪ್ಪು ಕಂಡೂ ಚಹಾ ಲೋಟ ಇಟ್ಟು ವಾಪಸ್ ಬಂದೆ. ಅದನ್ನು ವಿಧೇಯತೆ ಅಂದುಕೊಂಡೆ. ಅದು ನನ್ನ ತಪ್ಪು.

ವಾರ್ಷಿಕ ಮಹಾಸಭೆಯಲ್ಲಿ ಪುಸ್ತಕಕ್ಕೂ ಪೆಟ್ಟಿಗೆಗೂ 11,000 ರೂಪಾಯಿ ತಾಳೆಯಾಗಲಿಲ್ಲ. ಯಾರೋ ಒಂದು ಮಾತು ಆಡಿದರು. ಆ ಹಿರಿಯರು ಕೀಲಿಕೈ ಮೇಜಿನ ಮೇಲಿಟ್ಟು ಹೊರಟರು. 3 ತಿಂಗಳ ಮೇಲೆ ನಾನು ಪುಸ್ತಕ ಕೇಳಿ ತಂದೆ. ಅರ್ಧ ಗಂಟೆ ಸಾಕಾಯಿತು. ಒಂದು ರೂಪಾಯಿಯೂ ಹೋಗಿರಲಿಲ್ಲ. ಎಲ್ಲ ಏಲಂ ಬಾಕಿ. ಅವರ ಮನೆಗೆ ಹೋಗಿ ಹೇಳಿದೆ. ಕಾಫಿ ಕೊಟ್ಟು ಕಳಿಸಿದರು. ನಮ್ಮ ಸಭೆಗೆ ಮತ್ತೆ ಬರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೇವರ ಕ್ರಮ ಅಂದರೆ ಯಾರು ಮೇಲೆ, ಯಾರು ಕೆಳಗೆ ಅನ್ನುವ ಪಟ್ಟಿ ಎಂದುಕೊಂಡಿದ್ದೀರಿ. ಬೈಬಲಿನ ಅರಣ್ಯಕಾಂಡದ 4ನೇ ಅಧ್ಯಾಯ ಓದಿ. ಇಸ್ರಾಯೇಲ್ಯರ ಆರಾಧನೆಯ ಡೇರೆಯಾದ ದೇವದರ್ಶನದ ಗುಡಾರ ಸಾಗಿಸುವಾಗ ಲೇವಿ ಕುಲದ ಮೂರು ಮನೆತನಗಳಿಗೆ ಕೆಲಸ ಹಂಚಿತ್ತು: ಕೆಹಾತ್ಯರಿಗೆ ಮಂಜೂಷ (ದೇವರ ಪವಿತ್ರ ಪೆಟ್ಟಿಗೆ), ಗೇರ್ಷೋನ್ಯರಿಗೆ ಪರದೆ, ಮೆರಾರೀಯರಿಗೆ ಹಲಗೆ, ಗೂಟ, ಹಗ್ಗ. ಒಂದೊಂದು ಸಾಮಾನಿನ ಹೆಸರು ಹಿಡಿದು ಒಪ್ಪಿಸಬೇಕು ಎಂದು ಹೇಳಿದ್ದು ಈ ಗೂಟ ಹೊರುವವರ ವಿಷಯದಲ್ಲಿ! ಗೂಟ ಹೊರಬೇಕಾದವನು ಬಾರದಿದ್ದರೆ ಗುಡಾರ ನಿಲ್ಲುತ್ತದೆಯೇ?

ಪೌಲನ ಆ ವಚನವನ್ನು ಅತ್ತೆ ಎತ್ತಿದರೆ, ಅದೇ ಪತ್ರಿಕೆಯ 11ನೇ ಅಧ್ಯಾಯ ತೋರಿಸಿ. ಅಲ್ಲಿ ಹೆಂಗಸರು ಪ್ರಾರ್ಥಿಸುತ್ತಾರೆ, ಪ್ರವಾದಿಸುತ್ತಾರೆ (ದೇವರ ಮಾತು ಸಾರುತ್ತಾರೆ). ರೋಮದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಫೊಯಿಬೆ ಇದ್ದಾಳೆ, ಕೆಂಖ್ರೆಯ ಸಭೆಯ ಸೇವಕಿ. ನಮ್ಮ ಸಿಎಸ್‌ಐಯಲ್ಲಿ ಹೆಂಗಸರು ಸಭಾಪಾಲಕರೇ ಆಗುತ್ತಾರೆ. ಲೆಕ್ಕದ ಪುಸ್ತಕಕ್ಕೆ ಯಾಕೆ ಇಷ್ಟು ಚರ್ಚೆ?

ಈ ಆದಿತ್ಯವಾರವೇ ಹೂಂ ಅನ್ನಿ. ಏಲಂ ದಿನ ಎರಡು ಕಾಲಂ ಮಾಡಿ, ಕೂಗಿದ್ದು ಬೇರೆ, ಬಂದದ್ದು ಬೇರೆ. ದುಡ್ಡು ಎಣಿಸುವಾಗ ಇಬ್ಬರಿರಿ, ಇಬ್ಬರೂ ಸಹಿ ಹಾಕಿ. ಈಗ ಲೆಕ್ಕ ನೋಡುತ್ತಿರುವವರು ಹಿರಿಯರಾಗಿದ್ದರೆ, ಮೊದಲ ವರ್ಷ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಬರೆಯಿರಿ.