ಓಝೋನ್ ತೂತು ಅಂಟಾರ್ಕ್ಟಿಕಾದ ಮೇಲೇ ಯಾಕೆ?

ಫ್ರಿಜ್, ಸ್ಪ್ರೇ ಡಬ್ಬಿ ಜಾಸ್ತಿ ಬಳಸಿದ್ದು ಅಮೆರಿಕ, ಯುರೋಪಿನವರು. ತೂತು ಮಾತ್ರ ದೂರದ ಅಂಟಾರ್ಕ್ಟಿಕಾದಲ್ಲಿ, ಇದು ಹೇಗೆ ಅಂತ ಕೇಳಿದ್ದೀರಿ. ನ್ಯಾಯವಾದ ಅನುಮಾನವೇ.

ಮೊದಲಿಗೆ, ಅದು ನಿಜವಾದ ತೂತಲ್ಲ, ಸೂರ್ಯನ ಹಾನಿಕರ ಕಿರಣಗಳನ್ನು ಮೇಲೇ ತಡೆಯುವ ಓಝೋನ್ ಅನಿಲ ತೀರಾ ತೆಳುವಾದ ಜಾಗ. ತಲೆ ಮೇಲಿರುವ ಓಝೋನನ್ನೆಲ್ಲ ನೆಲಮಟ್ಟಕ್ಕೆ ತಂದು ಹರಡಿದರೆ ಸಾಮಾನ್ಯವಾಗಿ ಸುಮಾರು 3 ಮಿಲಿಮೀಟರ್ ದಪ್ಪ ಬರುತ್ತದೆ, ಅಷ್ಟೇ! ಅದು 2.2ಕ್ಕಿಂತ ಕೆಳಗಿಳಿದರೆ 'ತೂತು' ಅನ್ನುತ್ತಾರೆ.

ಇನ್ನು ಸಿಎಫ್‌ಸಿ, ಅಂದರೆ ಆ ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ, ಕ್ಲೋರಿನ್ ಇರುವ ಅನಿಲ. ಅಡುಗೆಮನೆಯ ಒಗ್ಗರಣೆ ಘಾಟು ಬೀದಿ ಬಾಗಿಲಿಗೂ ಬರುತ್ತದೆ ಅಲ್ವಾ? ಹಾಗೇ ಇದೂ. ಮಳೆಯಲ್ಲಿ ಕರಗಲ್ಲ, ಹತ್ತಾರು ವರ್ಷ ಹಾಳಾಗಲ್ಲ. ಗಾಳಿ ಅದನ್ನು ಇಡೀ ಭೂಮಿಗೆ ಹರಡುತ್ತದೆ. ಅಂಟಾರ್ಕ್ಟಿಕಾದ ವಿಶೇಷ ಅಂದರೆ ಚಳಿ. ಅಲ್ಲಿನ ಚಳಿಗಾಲದಲ್ಲಿ ಮೇಲಿನ ವಾತಾವರಣ ಮೈನಸ್ 78 ಡಿಗ್ರಿಗಿಂತ ಕೆಳಗಿಳಿದು, ಬೇರೆಲ್ಲೂ ಅಷ್ಟಾಗಿ ಕಾಣದ ಮೋಡ ಕಟ್ಟುತ್ತದೆ. ಆ ಮೋಡದ ಕಣಗಳ ಮೇಲೆ ರಾಸಾಯನಿಕ ಕ್ರಿಯೆ ನಡೆದು, ಸಿಎಫ್‌ಸಿಯಿಂದ ಬಂದ ಕ್ಲೋರಿನ್ ಬಿಡುಗಡೆಯಾಗಿ, ಬಿಸಿಲಿಗೆ ಕಾದು ಕೂತಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಸೂರ್ಯ ಮರಳಿದ್ದೇ ತಡ, ಓಝೋನನ್ನು ತಿನ್ನಲು ಶುರು.

ತೂತಿನಿಂದ ಬಿಸಿಲು ನುಗ್ಗಿ ಭೂಮಿ ಬಿಸಿಯಾಗುತ್ತಿದೆ ಅಂತಲೂ ಬರೆದಿದ್ದೀರಿ. ಅದು ತಪ್ಪು. ಜಾಸ್ತಿ ಬರುವುದು ನೇರಳಾತೀತ ಕಿರಣ. ಚರ್ಮಕ್ಕೆ, ಕಣ್ಣಿಗೆ ಕೆಟ್ಟದ್ದು. ಭೂಮಿ ಬಿಸಿಯಾಗಲು ಮುಖ್ಯ ಕಾರಣ ಕಾರ್ಬನ್ ಡೈಆಕ್ಸೈಡ್. (ಸಿಎಫ್‌ಸಿಯೂ ಶಾಖ ಹಿಡಿದಿಡುತ್ತದೆ, ಗೊಂದಲ ಅಲ್ಲೇ ಶುರುವಾಗುತ್ತದೇನೋ.)

1987ರ ಮಾಂಟ್ರಿಯಲ್ ಒಪ್ಪಂದದಿಂದ ಹೊಸ ಸಿಎಫ್‌ಸಿ ಬಹುತೇಕ ನಿಂತಿದೆ. ಹಳೆಯದು ಇನ್ನೂ ಮೇಲೇ ಇದೆ. ಒಂದು ವರ್ಷ ತೂತು ದೊಡ್ಡದಾದರೆ ಸುಮ್ನೆ ಒಪ್ಪಂದವನ್ನು ಬೈಯಬೇಡಿ, ಆ ವರ್ಷ ಮೇಲೆ ಚಳಿ ಜಾಸ್ತಿ ಇದ್ದಿರಬಹುದು. ಅಂಟಾರ್ಕ್ಟಿಕಾದ ಓಝೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಅನ್ನುವುದು ವಿಶ್ವಸಂಸ್ಥೆಯ ತಜ್ಞರ ಅಂದಾಜು.