ಬದಿಯಡ್ಕದ ನಮ್ಮ ಹಟ್ಟಿಯಲ್ಲಿ ದನಕ್ಕೆ ಕೆಚ್ಚಲು ಬಾವು. ಮನೆಮದ್ದು ಸಾಕೇ?

ಹಾಲು ಗಡ್ಡೆಗಟ್ಟಿ ಬಂದ ಮೊದಲ ದಿನವೇ ಶುರು ಮಾಡಿದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಎನ್‌ಡಿಡಿಬಿ (ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ) ಹೇಳಿಕೊಡುವ ಕ್ರಮ ಇದು: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ರುಬ್ಬಿ. ಅರೆದದ್ದು ಕೆಂಪಗಾಗುತ್ತದೆ, ಹೆದರಬೇಡಿ. ಹಾಲು ಪೂರ್ತಿ ಹಿಂಡಿ, ಕೆಚ್ಚಲು ತೊಳೆದು, ಒಂದು ಹಿಡಿಯನ್ನು ನೀರಲ್ಲಿ ತೆಳುಮಾಡಿ ಇಡೀ ಕೆಚ್ಚಲಿಗೆ ಹಚ್ಚಿ. ದಿನಕ್ಕೆ 10 ಸಲ, 5 ದಿನ. ಎರಡೇ ಸಲ ಹಚ್ಚಿ ಬಿಟ್ಟರೆ ಫಲ ಸಿಗದು. ನಮ್ಮ ಜಡಿಮಳೆಯಲ್ಲಂತೂ ಹಟ್ಟಿ ಒಣಗಿರಲೇಬೇಕು.

ಜ್ವರ ಬಂದು ಮೇವು ಬಿಟ್ಟರೆ, ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ ದಯವಿಟ್ಟು ಕಾಯಬೇಡಿ, ಅದೇ ಗಳಿಗೆಯಲ್ಲಿ ಡಾಕ್ಟರನ್ನು ಕರೆಸಿ. ಕೆಟ್ಟ ಹಾಲನ್ನು ಸೊಸೈಟಿಗೆ ಕೊಡಬೇಡಿ. ಹಟ್ಟಿಯ ನೆಲಕ್ಕೂ ಹಿಂಡಬೇಡಿ, ಪಕ್ಕದ ದನಕ್ಕೆ ತಗಲುತ್ತದೆ.