ಅಪ್ಪನ 80ಕ್ಕೆ ನೆನಪಿನ ಪುಸ್ತಕ: ಅಂಟ್ಕೊಂಡಿರೋ ಫೋಟೋ ಎಳೀಬೇಡಿ

ಅಪ್ಪನ 80ನೇ ಹುಟ್ಟುಹಬ್ಬಕ್ಕೆ ಸ್ಕ್ರಾಪ್‌ಬುಕ್ ಮಾಡ್ತಿದೀನಿ, ಹಳೇ ಆಲ್ಬಮ್‌ನಿಂದ ಫೋಟೋ ಬಿಟ್ಕೊಳ್ತಾನೇ ಇಲ್ಲ, ಇರೋದೂ ಕಮ್ಮಿ ಅಂತ ಕೇಳಿದೀರಲ್ಲ, ಮೊದ್ಲು ಉಗುರಲ್ಲಿ ಕೀಳೋದು ನಿಲ್ಸಿ. ನಾನು ಅಮ್ಮನ ಮದ್ವೆ ಫೋಟೋನ ಹಂಗೇ ಎಳ್ದು ಸೋದರಮಾವನ ಅರ್ಧ ಮುಖ ಆಲ್ಬಮ್‌ನಲ್ಲೇ ಉಳೀತು, ಇವತ್ತಿಗೂ ಬೈಸ್ಕೋತೀನಿ. ಪ್ಲಾಸ್ಟಿಕ್ ಹಾಳೆ ಹೊದ್ಸಿರೋ ಅಂಟಿನ ಆಲ್ಬಮ್ ಆದ್ರೆ ಡೆಂಟಲ್ ಫ್ಲಾಸ್ ತಗೊಳ್ಳಿ, ಮೆಡಿಕಲ್ ಶಾಪಲ್ಲಿ ಸಿಗುತ್ತೆ, ಆ ದಾರಾನ ಫೋಟೋ ಕೆಳಗೆ ತೂರ್ಸಿ ಗರಗಸದ ಥರ ನಿಧಾನಕ್ಕೆ ಆಚೆ ಈಚೆ ಆಡ್ಸಿ. ಬರ್ಲಿಲ್ವಾ, ಬಿಟ್ಬಿಡಿ, ಆಲ್ಬಮ್ ಹಾಳೆ ಸಮೇತ 600 ಡಿಪಿಐನಲ್ಲಿ (ಸ್ಕ್ಯಾನ್ ಎಷ್ಟು ಸ್ಪಷ್ಟವಾಗಿರ್ಬೇಕು ಅನ್ನೋ ಅಳತೆ) ಸ್ಕ್ಯಾನ್ ಮಾಡ್ಸಿ, ಆಮೇಲೆ ದೊಡ್ಡದು ಮಾಡಿದ್ರೂ ಚೆನ್ನಾಗಿರುತ್ತೆ. ಪುಸ್ತಕಕ್ಕೆ ಪ್ರಿಂಟೇ ಅಂಟ್ಸಿ, ಒರಿಜಿನಲ್ ಬೇಡ. ಸೆಲ್ಲೋಟೇಪ್ ಅಂತೂ ಬೇಡ್ವೇ ಬೇಡ, ಹಳದಿ ಕಲೆ ಆಗುತ್ತೆ.

ಫೋಟೋ ಕಮ್ಮಿ ಇದ್ರೆ ಟ್ರಂಕ್ ಹುಡ್ಕಿ. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು, ಲಗ್ನಪತ್ರಿಕೆ, ಇನ್‌ಲ್ಯಾಂಡ್ ಲೆಟರು, ಅಪ್ಪ ಬರೀತಿದ್ದ ಮನೆ ಖರ್ಚಿನ ಲೆಕ್ಕದ ಪುಸ್ತಕದ ಒಂದು ಪುಟ, ನಮ್ಮನೇಲಿ ಎಲ್ರೂ ಫೋಟೋ ಬಿಟ್ಟು ಆ ಲೆಕ್ಕಾನೇ ಓದ್ತಾ ಕೂತ್ರು. ಗ್ರೂಪ್ ಫೋಟೋದಲ್ಲಿ ಯಾರ್ಯಾರು ಅಂತ ಈಗ್ಲೇ ಅಪ್ಪನ್ನ ಕೇಳಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಸರ್‌ಪ್ರೈಸ್ ಕೆಟ್ರೂ ಪರ್ವಾಗಿಲ್ಲ. ಅಕ್ಷರ ಮಾತ್ರ ದಪ್ಪಗಿರ್ಲಿ, ಕನ್ನಡಕ ಹುಡುಕೋ ಹಂಗಾಗ್ಬಾರ್ದು.

ಟೈಮಿಗೆ ಮುಗೀಲಿಲ್ಲ ಅಂದ್ರೂ ಗಾಬರಿ ಬೇಡ. ಸಾವಿರ ಹುಣ್ಣಿಮೆ ಲೆಕ್ಕದ ಸಹಸ್ರ ಚಂದ್ರ ದರ್ಶನ ಶಾಂತಿ 80 ತುಂಬಿ ಕೆಲವು ತಿಂಗಳು ಆದ್ಮೇಲೇ ಬರೋದು, ನಿಮ್ಮನೇಲಿ ಮಾಡೋ ಪದ್ಧತಿ ಇದ್ರೆ ಅವತ್ತೇ ಕೊಡಿ, ನೆಂಟ್ರೂ ಇರ್ತಾರೆ.